ಅಂಕೋರಿನ ಬರಿದಾದ ಪೀಠಗಳು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಪಂಡಿತನಲ್ಲ. ವಚನಗಳನ್ನು ಆಳವಾಗಿ ಬಲ್ಲ ವಿದ್ವಾಂಸರು ಈ ಗೋಷ್ಠಿಯಲ್ಲಿ ಮಾತನಾಡಿ ಹೋಗಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕೆಲಸದಲ್ಲಿ ಕೆರೆ, ಕಾಲುವೆ, ಸೇತುವೆ ಎಂದು ತಿರುಗಿದ ಸಿವಿಲ್ ಇಂಜಿನಿಯರ್. ನಿವೃತ್ತಿಯ ನಂತರ ಮನೆಯವರೊಂದಿಗೆ ಕಾಂಬೋಡಿಯಕ್ಕೆ ಹೋಗಿ ಬಂದೆ. “ಅಲ್ಲಿ ಕಂಡದ್ದನ್ನು ನಮ್ಮವರಿಗೂ ಹೇಳಿ” ಎಂದು ಪೂಜ್ಯರು ಅಪ್ಪಣೆ ಮಾಡಿದರು. ಕಂಡದ್ದನ್ನು ಇಂಜಿನಿಯರನ ಕಣ್ಣಿನಿಂದ ಹೇಳುತ್ತೇನೆ. ಅದರಿಂದ ನಮಗೇನು ಎಂಬುದನ್ನು ಕಡೆಯಲ್ಲಿ ನಿಮ್ಮ ಮುಂದಿಡುತ್ತೇನೆ.

ಕಾಂಬೋಡಿಯದ ಸಿಯೆಮ್ ರೀಪ್ ಎಂಬ ಊರಿನ ಸುತ್ತ ಸುಮಾರು 400 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹಳೆಯ ಗುಡಿಗಳು ಹರಡಿಕೊಂಡಿವೆ. ಇದೇ ಅಂಕೋರ್. ಕ್ರಿ.ಶ. 9ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಖ್ಮೇರ್ ರಾಜರ ರಾಜಧಾನಿ ಇಲ್ಲಿತ್ತು. 1992ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಲ್ಲರೂ ಕೇಳಿರುವ ಅಂಕೋರ್ ವಾಟ್ ಇವುಗಳಲ್ಲಿ ಒಂದು. ಎರಡನೆಯ ಸೂರ್ಯವರ್ಮ 12ನೆಯ ಶತಮಾನದ ಮೊದಲ ಅರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ್ದು. ಇಂದು ಅಲ್ಲಿ ಬೌದ್ಧರು ಊದುಬತ್ತಿ ಹಚ್ಚುತ್ತಾರೆ. ಪಶ್ಚಿಮದ ಬಾಗಿಲಲ್ಲಿರುವ ಎಂಟು ತೋಳಿನ ವಿಷ್ಣುವಿನ ವಿಗ್ರಹಕ್ಕೂ ಊರವರು ತಮ್ಮ ದೇವರೆಂದೇ ಕೈಮುಗಿಯುತ್ತಾರೆ.

ಕೆಲಸಗಾರನ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಒಳಗೆ ಜಂಬಿಟ್ಟಿಗೆ ಕಲ್ಲು, ಹೊರಗೆ ಮರಳುಗಲ್ಲು. ಮರಳುಗಲ್ಲು ಬಂದದ್ದು ಕುಲೇನ್ ಬೆಟ್ಟದ ತಪ್ಪಲಿನ ಗಣಿಗಳಿಂದ. ಅನೇಕ ಕಲ್ಲುಗಳ ಮೈಮೇಲೆ ಬೆರಳು ತೂರುವಷ್ಟು ತೂತುಗಳಿವೆ. ಎತ್ತುವಾಗ ಅದರಲ್ಲಿ ಗೂಟ ಹಾಕಿ ಹಗ್ಗ ಕಟ್ಟುತ್ತಿದ್ದರು. ಕಲ್ಲಿನ ಮೇಲೆ ಕಲ್ಲನ್ನು ಉಜ್ಜಿ ಉಜ್ಜಿ, ಗಾರೆಯಿಲ್ಲದೆ ಕೂರಿಸಿದ್ದಾರೆ. ಎಷ್ಟೋ ಕಡೆ ಸಂದಿನಲ್ಲಿ ಒಂದು ಕಾಗದ ಕೂಡ ಹೋಗುವುದಿಲ್ಲ. ಆದರೆ ಅವರು ನಿಜವಾದ ಕಮಾನು ಕಟ್ಟಲಿಲ್ಲ. ಎರಡೂ ಕಡೆಯಿಂದ ಕಲ್ಲನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಂದೆ ಚಾಚಿ, ಮೇಲೆ ಕೂಡಿಸಿದರು. ಹಾಗಾಗಿ ಕಟ್ಟಡ ಎಷ್ಟೇ ದೊಡ್ಡದಾದರೂ ಒಳಗಿನ ಕೋಣೆ ಇಕ್ಕಟ್ಟು. ಅಂಕೋರ್ ವಾಟ್‌ನ ನಡುಗೋಪುರ ನೆಲದಿಂದ ಸುಮಾರು 65 ಮೀಟರ್ ಎತ್ತರ. ಗರ್ಭಗುಡಿಯಲ್ಲಿ ನಿಲ್ಲಲು ಜಾಗ ನಾಲ್ಕಾರು ಜನಕ್ಕೆ. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ.

ಆ ಕಲ್ಲು ಕಡಿದ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಉಳಿಯ ಗುರುತು ಇನ್ನೂ ಕಾಣುತ್ತದೆ. ಅದು ಕಾಯಕವೇ. ಆ ಕಾಯಕ ಯಾರ ಹೆಸರಿಗೆ ಜಮಾ ಆಯಿತು ಎಂಬುದು ನನ್ನ ಪ್ರಶ್ನೆ.

ಅಂಕೋರಿಗೆ ಹತ್ತಿರದಲ್ಲಿ ಒಂದು ಹಳೆಯ ರಾಜಧಾನಿಯ ಜಾಗವಿದೆ. ಅದರ ಹೆಸರು ಹರಿಹರಾಲಯ. ನಮ್ಮ ಹರಿಹರ ನೆನಪಾಗದೆ ಇರುತ್ತದೆಯೇ? ಅಲ್ಲಿ ಇಂದ್ರವರ್ಮನೆಂಬ ರಾಜ 881ರಲ್ಲಿ ಬಕೋಂಗ್ ಎಂಬ ಮೆಟ್ಟಿಲು ಮೆಟ್ಟಿಲಿನ ಗುಡಿ ಕಟ್ಟಿಸಿ, ತುದಿಯಲ್ಲಿ ಲಿಂಗ ಸ್ಥಾಪಿಸಿದ. ಲಿಂಗಕ್ಕೆ ಇಟ್ಟ ಹೆಸರು ಶ್ರೀ ಇಂದ್ರೇಶ್ವರ. ಅವನ ಮಗ ಯಶೋವರ್ಮ ಬೇರೊಂದು ಗುಡ್ಡದ ಮೇಲೆ ಗುಡಿ ಕಟ್ಟಿಸಿದ. ಆ ಲಿಂಗದ ಹೆಸರು ಯಶೋಧರೇಶ್ವರ. ರಾಜನ ಹೆಸರಿನ ಬಾಲಕ್ಕೆ ಈಶ್ವರ! ಮುಂದಿನ ರಾಜ ಬಂದರೆ ಮುಂದಿನ ಗುಡಿ, ಅವನ ಹೆಸರಿನ ಲಿಂಗ.

ನಮ್ಮ ಶರಣರು ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಬೊಕ್ಕಸದ ಬೀಗದ ಕೈ ಅವರ ಬಳಿಯಿತ್ತು. ಆದರೂ ಅವರ ಮಾತು ಮುಗಿಯುವುದು ಕೂಡಲಸಂಗಮದೇವನ ಅಂಕಿತದಲ್ಲಿ. ಮಡಿವಾಳ, ಅಂಬಿಗ, ಮೇದಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವವರು ಎಲ್ಲರೂ ತಮ್ಮ ಹೆಸರನ್ನು ಹಿಂದೆ ಸರಿಸಿ ದೇವರ ಹೆಸರನ್ನು ಮುಂದಿಟ್ಟರು. ರಾಜರು ದೇವರ ಮೇಲೆ ತಮ್ಮ ಹೆಸರು ಕೆತ್ತಿದರು, ಶರಣರು ತಮ್ಮ ಮಾತಿನ ಮೇಲೆ ದೇವರ ಹೆಸರು ಬರೆದರು. ಗುಡಿಗಳ ನಡುವೆ ತಿರುಗುವಾಗ ಅಂಕಿತದ ಅರ್ಥ ನನಗೆ ಹೊಸದಾಗಿ ಹೊಳೆಯಿತು.

ಅಂಕೋರಿನ ಅನೇಕ ಗರ್ಭಗುಡಿಗಳಲ್ಲಿ ಇಂದು ಉಳಿದಿರುವುದು ಪೀಠ ಮಾತ್ರ. ಅಭಿಷೇಕದ ನೀರು ಹೋಗುವ ದೋಣಿ ಇದೆ, ನಡುವೆ ಚೌಕಾಕಾರದ ತೂತು ಇದೆ, ಲಿಂಗವಿಲ್ಲ. ಕೆಲವನ್ನು ನಿಧಿಯಾಸೆಗೆ ಅಗೆದಿದ್ದಾರೆ. ನಮ್ಮ ಮನೆಯವರು ಒಂದು ಕಡೆ ಆ ಬರಿದಾದ ಪೀಠ ನೋಡಿ, “ರೀ, ನಮ್ಮದು ಕೊರಳಲ್ಲೇ ಇದೆಯಲ್ಲ” ಎಂದು ತಮ್ಮ ಕರಡಿಗೆ ಮುಟ್ಟಿಕೊಂಡರು. ನಾನು ಇಲ್ಲಿ ಹೇಳಬೇಕಾದ ಅರ್ಧ ಉಪನ್ಯಾಸ ಆ ಒಂದು ಮಾತಿನಲ್ಲಿ ಮುಗಿದಿದೆ.

ಈಗ ನನ್ನ ವೃತ್ತಿಗೆ ಸೇರಿದ ಒಂದು ಸಂಗತಿ. ಇಂದ್ರವರ್ಮ 877ರಲ್ಲಿ ಪಟ್ಟಕ್ಕೆ ಬಂದ. ಐದು ದಿನದೊಳಗೆ ಕೆರೆಯ ಕೆಲಸ ಆರಂಭಿಸುತ್ತೇನೆಂದು ಪ್ರತಿಜ್ಞೆ ಮಾಡಿದನೆಂದು ಅವನ ಶಾಸನ ಹೇಳುತ್ತದೆ. ಹಾಗೆ ಕಟ್ಟಿದ ಇಂದ್ರತಟಾಕ ಸುಮಾರು 3.8 ಕಿ.ಮೀ. ಉದ್ದ, 800 ಮೀಟರ್ ಅಗಲ. ಮೊದಲು ಕೆರೆ, ಆಮೇಲೆ ಹಿರಿಯರ ಹೆಸರಿನ ಗುಡಿ, ಕಡೆಗೆ ತನ್ನ ಗುಡಿ. ತನ್ನ ಹೆಸರನ್ನು ಲಿಂಗಕ್ಕೆ ಇಟ್ಟವನಾದರೂ ಕೆಲಸದ ಕ್ರಮ ಅವನಿಗೆ ಗೊತ್ತಿತ್ತು.

ಇದಕ್ಕೆ ವಿರುದ್ಧದ ಉದಾಹರಣೆ ಕೋ ಕೇರ್. ಸಿಯೆಮ್ ರೀಪ್‌ನಿಂದ ರಸ್ತೆಯಲ್ಲಿ ಸುಮಾರು 120 ಕಿ.ಮೀ. ನಾಲ್ಕನೆಯ ಜಯವರ್ಮ 928ರ ಹೊತ್ತಿಗೆ ರಾಜಧಾನಿಯನ್ನು ಅಲ್ಲಿಗೆ ಒಯ್ದ. ಏಳು ಅಂತಸ್ತಿನ, ಸುಮಾರು 36 ಮೀಟರ್ ಎತ್ತರದ ಕಲ್ಲಿನ ದಿಬ್ಬ ಕಟ್ಟಿಸಿ, ನೆತ್ತಿಯ ಮೇಲೆ ದೊಡ್ಡ ಲಿಂಗ ಸ್ಥಾಪಿಸಿದ. ಊರಿನ ಉತ್ತರಕ್ಕೆ ಕಣಿವೆಗೆ ಅಡ್ಡಲಾಗಿ ಸುಮಾರು 7 ಕಿ.ಮೀ. ಉದ್ದದ ಏರಿ ಹಾಕಿಸಿದ. ಇತ್ತೀಚೆಗೆ ಸಂಶೋಧಕರು ಆ ಏರಿಯನ್ನು ಅಳೆದು, ನೆಲದೊಳಗನ್ನು ಉಪಕರಣದಿಂದ ನೋಡಿ, ಲೆಕ್ಕ ಹಾಕಿದ್ದಾರೆ. ಬರುವ ಮಳೆನೀರಿಗೆ ಅದರ ಕೋಡಿ ಸಾಲುತ್ತಿರಲಿಲ್ಲ. ಕಟ್ಟಿದ ಮೊದಲ ಮಳೆಗಾಲದಲ್ಲೇ ಒಡೆದಿರಬಹುದು ಎಂಬುದು ಅವರ ಅಂದಾಜು. 944ಕ್ಕೆ ರಾಜಧಾನಿ ಮತ್ತೆ ಅಂಕೋರಿಗೆ ಬಂತು. ಹದಿನಾರು ವರ್ಷದ ರಾಜಧಾನಿ! ಅದಕ್ಕೆ ರಾಜಕೀಯದ ಕಾರಣಗಳೂ ಇದ್ದಾವು. ಆದರೆ ಆ ಮೆಟ್ಟಿಲು ಹತ್ತಿ ಮೇಲೆ ನಿಂತರೆ ಕಾಣುವುದು ಕಾಡು. ಲಿಂಗವಿಲ್ಲ, ಕೆರೆಯಿಲ್ಲ, ಊರಿಲ್ಲ.

ಕೆರೆಯ ಕೆಲಸ ಬಲ್ಲ ಯಾರಿಗಾದರೂ ಇದು ಗೊತ್ತು. ಏರಿ ಎತ್ತರವಾದಷ್ಟೂ ಕೋಡಿ ದೊಡ್ಡದಿರಬೇಕು. ಏರಿ ಎಲ್ಲರ ಕಣ್ಣಿಗೆ ಕಾಣುತ್ತದೆ, ಕೋಡಿ ಕಾಣುವುದಿಲ್ಲ. ಊರು ಉಳಿಯುವುದು ಕೋಡಿಯಿಂದ.

ಇನ್ನು ಜನರ ಲೆಕ್ಕ. ಏಳನೆಯ ಜಯವರ್ಮ 1186ರಲ್ಲಿ ತಾಯಿಯ ಹೆಸರಿನಲ್ಲಿ ತಾ ಪ್ರೋಮ್ ಎಂಬ ಬೌದ್ಧ ವಿಹಾರ ಕಟ್ಟಿಸಿದ. ಮರದ ಬೇರುಗಳು ಗೋಡೆಯನ್ನು ಹೆಬ್ಬಾವಿನಂತೆ ಸುತ್ತಿಕೊಂಡಿರುವ ಫೋಟೋ ನೋಡಿದ್ದೀರಲ್ಲ, ಅದೇ ಜಾಗ. ಅಲ್ಲಿಯ ಶಾಸನದ ಪ್ರಕಾರ ಆವರಣದೊಳಗೆ ವಾಸಕ್ಕೆ ಹಕ್ಕಿದ್ದವರು 12,640 ಜನ. ಅವರಲ್ಲಿ 615 ನರ್ತಕಿಯರು. ವಿಹಾರವನ್ನು ಸಾಕುವುದಕ್ಕೆ ಬಿಟ್ಟ ಹಳ್ಳಿಗಳು 3,140. ಆ ಸೇವೆಗೆ ಹಚ್ಚಿದವರು 79,365 ಜನ. ಬಂಧುಗಳೇ, ಒಂದು ಕಟ್ಟಡಕ್ಕೆ! ಇದೇ ರಾಜ 102 ಆಸ್ಪತ್ರೆಗಳನ್ನು ನಡೆಸಿದನೆಂದೂ ಅದೇ ಶಾಸನದಲ್ಲಿದೆ. ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ರೋಗಿಗೆ ಔಷಧ ಕೊಟ್ಟ ರಾಜನಿಗೆ ಶರಣು. ಆದರೆ 3,140 ಹಳ್ಳಿಗಳ ಒಕ್ಕಲಿಗ ತನ್ನ ಅಕ್ಕಿಯನ್ನು ಯಾರ ಒಪ್ಪಿಗೆಯಿಂದ ಕೊಟ್ಟ?

ಖ್ಮೇರ್ ಶಾಸನಗಳಲ್ಲಿ ಎರಡು ಭಾಷೆ. ದೇವರ ಸ್ತುತಿ, ರಾಜನ ಸ್ತುತಿ ಸಂಸ್ಕೃತ ಶ್ಲೋಕದಲ್ಲಿ. ಗದ್ದೆ ಎಷ್ಟು, ದನ ಎಷ್ಟು, ಗುಡಿಗೆ ಬಿಟ್ಟ ಆಳುಗಳು ಎಷ್ಟು ಎಂಬುದು ಊರ ಭಾಷೆಯಾದ ಖ್ಮೇರ್‌ನಲ್ಲಿ. ಆಳುಗಳ ಹೆಸರಿನ ಪಟ್ಟಿಗಳೇ ಇವೆ. ಹಳೆಯ ಪಟ್ಟಿಗಳಲ್ಲಿ ಒಬ್ಬನ ಹೆಸರಿಗೆ ‘ನಾಯಿ’ ಎಂದು ಅರ್ಥ. ಜನರ ಭಾಷೆಗೆ ಸಿಕ್ಕ ಕೆಲಸ ಜನರನ್ನು ದನದ ಜೊತೆ ಎಣಿಸುವುದು.

ಅದೇ 12ನೆಯ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಏನು ನಡೆಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ದೇವರ ಜೊತೆ ಮಾತನಾಡುವ ಕೆಲಸಕ್ಕೆ ಕನ್ನಡ ಬಂತು. ಲೆಕ್ಕದ ಪಟ್ಟಿಯಲ್ಲಿ ಇರಬೇಕಾದವರು ಅನುಭವ ಮಂಟಪದಲ್ಲಿ ಕುಳಿತು ಪ್ರಶ್ನೆ ಕೇಳಿದರು. ನೆನಪಿನಲ್ಲಿಡಿ ಎಂದೆನಲ್ಲ ಆ ಲೆಕ್ಕ: ಅಲ್ಲಿ 65 ಮೀಟರ್ ಎತ್ತರದ ಕಲ್ಲು, ಒಳಗೆ ನಾಲ್ಕಾರು ಜನಕ್ಕೆ ಜಾಗ. ಇಲ್ಲಿ ಒಂದು ಅಂಗೈಯಷ್ಟು ಜಾಗ, ಒಳಗೆ ಬರಬಾರದವರು ಯಾರೂ ಇಲ್ಲ. ಬೀಗವಿಲ್ಲ, ಅರ್ಚಕನಿಲ್ಲ, ಬಿಟ್ಟುಕೊಟ್ಟ ಹಳ್ಳಿಯಿಲ್ಲ. ಇದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಜನ ಹಿಡಿಸುವ ನಕ್ಷೆಯನ್ನು ನಾನು ನೋಡಿಲ್ಲ. ಸ್ಥಾವರ, ಜಂಗಮ ಎಂಬ ಎರಡು ಮಾತು ನಮಗೆಲ್ಲ ಬಾಲ್ಯದಿಂದ ಬಾಯಿಪಾಠ. ಅವುಗಳ ತೂಕ ಎಷ್ಟೆಂದು ತಿಳಿಯಬೇಕಾದರೆ ಒಮ್ಮೆ ಅಂಕೋರಿನ ಕಲ್ಲಿನ ಪಕ್ಕದಲ್ಲಿ ನಿಲ್ಲಬೇಕು.

ಇದನ್ನು ಕೇಳಿ ‘ನಾವೇ ದೊಡ್ಡವರು’ ಎಂದು ಎದೆಯುಬ್ಬಿಸುವ ಮೊದಲು ಇನ್ನೊಂದು ಸಂಗತಿ ಕೇಳಿ. ಪ್ರೇಹ್ ಖಾನ್ ಎಂಬ ದೊಡ್ಡ ವಿಹಾರವಿದೆ, ಅದೇ ಜಯವರ್ಮ ಕಟ್ಟಿಸಿದ್ದು. ಗೋಡೆಯಲ್ಲಿ ಸಾಲಾಗಿ ಗೂಡುಗಳು. ಗೂಡಿನಲ್ಲಿ ಧ್ಯಾನಕ್ಕೆ ಕುಳಿತ ಬುದ್ಧ ಇರಬೇಕು. ಎಷ್ಟೋ ಗೂಡುಗಳಲ್ಲಿ ಬುದ್ಧನನ್ನು ಉಳಿಯಿಂದ ಹೆರೆದು ಹಾಕಿದ್ದಾರೆ. ಕೆಲವು ಕಡೆ ಬುದ್ಧನ ಮೂರ್ತಿಯನ್ನೇ ಕೆತ್ತಿ ಲಿಂಗ ಮಾಡಿದ್ದಾರೆ, ಕೆಲವು ಕಡೆ ಗಡ್ಡದ ಋಷಿ ಮಾಡಿದ್ದಾರೆ. 13ನೆಯ ಶತಮಾನದಲ್ಲಿ ಮತ್ತೆ ಶೈವರ ಕೈ ಮೇಲಾದಾಗ ಆದ ಕೆಲಸ ಇದು. ಲಿಂಗ ಕಂಡಲ್ಲಿ ಕೈ ತಾನಾಗಿ ಮುಗಿಯುವ ಅಭ್ಯಾಸ ನನ್ನದು. ಅಲ್ಲಿ ಮುಗಿಯಲಿಲ್ಲ. ಇನ್ನೊಬ್ಬರ ದೇವರನ್ನು ಹೆರೆದು ಮಾಡಿದ ಲಿಂಗಕ್ಕೆ ಆಕಾರವಿದೆ, ಅರಿವಿಲ್ಲ. ದಯೆಯೇ ಮೂಲವೆಂದು ಹೇಳಿಕೊಂಡು ಬಂದ ನಮಗೆ ಆ ಗೋಡೆ ಒಂದು ಎಚ್ಚರಿಕೆ.

ಆದರೆ ಒಂದು ಜಾಗದಲ್ಲಿ ಮನಸ್ಸು ತುಂಬಿ ಕೈಮುಗಿದೆ. ಅದರ ಹೆಸರು ಕ್ಬಾಲ್ ಸ್ಪಿಯನ್. ಕಾಡಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಏರು ದಾರಿ. ಮಂಡಿನೋವಿನ ನಮ್ಮವರು ನಾಲ್ಕು ಕಡೆ ಕುಳಿತು ಎದ್ದು ಬಂದರು. ಮೇಲೆ ಒಂದು ಹಳ್ಳ. ಹಳ್ಳದ ತಳದ ಬಂಡೆಯಲ್ಲೇ 11ನೆಯ ಶತಮಾನದಲ್ಲಿ ಸಾಲು ಸಾಲಾಗಿ ಚಿಕ್ಕ ಚಿಕ್ಕ ಲಿಂಗಗಳನ್ನು ಕೆತ್ತಿದ್ದಾರೆ. ಗುಡಿಯಿಲ್ಲ, ಗೋಪುರವಿಲ್ಲ. ನೀರು ಆ ಲಿಂಗಗಳ ಮೇಲೆ ಹರಿದು, ಬೆಟ್ಟ ಇಳಿದು, ನದಿ ಸೇರಿ, ಬಯಲಿನ ಗದ್ದೆಗಳಿಗೆ ಹೋಗುತ್ತದೆ. ಗದ್ದೆಗೆ ಹೋಗುವ ನೀರೆಲ್ಲ ತೀರ್ಥವಾಗಲಿ ಎಂದು ಯಾರೋ ತಪಸ್ವಿಗಳು ಯೋಚಿಸಿದ್ದಾರೆ. ಆ ಅಭಿಷೇಕ ಸಾವಿರ ವರ್ಷದಿಂದ ನಿಂತಿಲ್ಲ.

ಅಲ್ಲಿ ನನಗೆ ನೆನಪಾದವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಅವರು ಲಿಂಗಗಳನ್ನು ಸ್ಥಾಪಿಸಿದರು, ಜನರೊಂದಿಗೆ ಮಣ್ಣು ಹೊತ್ತು ಕೆರೆ ಕಟ್ಟಿದರು. ಅಲ್ಲಮಪ್ರಭುಗಳು ಬಂದು ಅವರನ್ನು ಹೊರಗಿನ ಕಟ್ಟಡದಿಂದ ಒಳಗಿನ ಅರಿವಿನ ಕಡೆಗೆ ತಿರುಗಿಸಿದರೆಂಬ ಕಥೆ ನಮಗೆಲ್ಲ ಗೊತ್ತು. ನನ್ನಂಥ ಇಂಜಿನಿಯರನಿಗೆ ಆ ಕಥೆಯಲ್ಲಿ ಹಿಡಿಸುವುದು ಇಷ್ಟು: ಅರಿವು ಬಂದ ಮೇಲೆ ಯಾರೂ ಕೆರೆಯ ಏರಿ ಒಡೆಯಲಿಲ್ಲ. ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ.

ಅಂಕೋರ್ ಏಕೆ ಬಿತ್ತು? ಸಯಾಮಿನವರ ದಾಳಿ ಒಂದು ಕಾರಣ. 14ನೆಯ ಮತ್ತು 15ನೆಯ ಶತಮಾನಗಳಲ್ಲಿ ದೀರ್ಘ ಬರಗಾಲ ಬಂತು, ನಡುನಡುವೆ ಭಾರೀ ಮಳೆಯೂ ಸುರಿಯಿತು ಎಂದು ಹಳೆಯ ಮರಗಳ ಉಂಗುರಗಳನ್ನು ಎಣಿಸಿದವರು ಹೇಳುತ್ತಾರೆ. ಬರದಲ್ಲಿ ಕಾಲುವೆ ಹೂಳು ತುಂಬಿತು, ಮಳೆಯಲ್ಲಿ ಕಿತ್ತುಹೋಯಿತು. ಸ್ಪಿಯನ್ ಥ್ಮಾ ಎಂಬ ಒಂದು ಹಳೆಯ ಕಲ್ಲುಸೇತುವೆ ನೋಡಿದೆ. ಅದಕ್ಕೆ ಬಳಸಿದ್ದು ಹಳೆಯ ಗುಡಿಗಳ ಕಲ್ಲು. ಈಗ ನದಿ ಅದರ ಕೆಳಗಿಲ್ಲ. ಪಕ್ಕದಲ್ಲಿ ಬೇರೆ ದಾರಿ ಕೊರೆದುಕೊಂಡು, ತುಂಬಾ ಆಳದಲ್ಲಿ ಹರಿಯುತ್ತಿದೆ. ಸೇತುವೆ ಒಣ ನೆಲದ ಮೇಲೆ ನಿಂತಿದೆ.

ಇದಕ್ಕೆ ಎದುರಾಗಿ ಪಶ್ಚಿಮದ ದೊಡ್ಡ ಕೆರೆ ನೋಡಿ. ಹೆಚ್ಚುಕಡಿಮೆ 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. ಅಗೆದದ್ದಲ್ಲ, ನಾಲ್ಕೂ ಕಡೆ ಏರಿ ಹಾಕಿ ನಿಲ್ಲಿಸಿದ್ದು. 20ನೆಯ ಶತಮಾನದಲ್ಲಿ ತೂಬು ಹೊಸದಾಗಿ ಕಟ್ಟಿದರು. ಇಂದಿಗೂ ಅದರ ನೀರು ಭತ್ತದ ಗದ್ದೆಗೆ ಹೋಗುತ್ತದೆ. ಶತಮಾನಗಳ ಕಾಲ ಒಣಗಿದ್ದ ಉತ್ತರದ ಕೆರೆಗೂ ಈಗಿನವರು ಮತ್ತೆ ನೀರು ತುಂಬಿಸಿದ್ದಾರೆ. ಅಂಕೋರ್ ವಾಟ್ ನಿಂತಿರುವುದು ಕೂಡ ಒತ್ತಿ ತುಂಬಿದ ಮರಳಿನ ಮೇಲೆ. ಸುತ್ತ ಸುಮಾರು 190 ಮೀಟರ್ ಅಗಲದ ಕಂದಕದ ನೀರು ನೆಲದ ತೇವವನ್ನು ಕಾಯುವುದರಿಂದ ಆ ಮರಳು ಕುಸಿದಿಲ್ಲ. ಹೋಟೆಲುಗಳು ಕೊಳವೆಬಾವಿಯಿಂದ ನೀರು ಎಳೆಯುತ್ತಿರುವುದು ಈಗ ಅಲ್ಲಿಯ ಚಿಂತೆ. ಕಲ್ಲಿನ ಗುಡಿಯನ್ನು ಹೊತ್ತಿರುವುದು ನೀರು!

ಇನ್ನೊಂದೇ ಉದಾಹರಣೆ. ಬಾಫೂನ್ ಎಂಬ ಶಿವಾಲಯ ಕುಸಿಯುತ್ತಿತ್ತು. 1960ರ ದಶಕದಲ್ಲಿ ಫ್ರೆಂಚ್ ತಜ್ಞರು ಅದರ ಮೂರು ಲಕ್ಷದಷ್ಟು ಕಲ್ಲುಗಳನ್ನು ಬಿಚ್ಚಿ, ಸಂಖ್ಯೆ ಹಾಕಿ, ಕಾಡಿನಲ್ಲಿ ಜೋಡಿಸಿಟ್ಟರು. ಯುದ್ಧ ಬಂತು. 1975ರಲ್ಲಿ ಖ್ಮೇರ್ ರೂಜ್ ಆಡಳಿತದ ಕಾಲಕ್ಕೆ ಯಾವ ಕಲ್ಲು ಎಲ್ಲಿಯದು ಎಂಬ ದಾಖಲೆಗಳು ನಾಶವಾದವು. 1995ರಲ್ಲಿ ಕೆಲಸ ಮತ್ತೆ ಹಿಡಿದು, ಒಂದೊಂದೇ ಕಲ್ಲನ್ನು ಹೊಂದಿಸಿ ನೋಡುತ್ತಾ 2011ರಲ್ಲಿ ಮುಗಿಸಿದರು. ಕಲ್ಲು ಅಲ್ಲೇ ಇತ್ತು, ಕಾಗದ ಹೋಗಿತ್ತು. ಕಲ್ಯಾಣದ ಕಥೆ ಇದಕ್ಕೆ ತಿರುಗುಮುರುಗು. ಕಲ್ಯಾಣದ ಕಟ್ಟಡ ಉಳಿಯಲಿಲ್ಲ, ಓಲೆಗರಿಯ ಕಟ್ಟುಗಳು ಉಳಿದವು. ಮಠದ ಮಾಡದಲ್ಲಿ, ಭಕ್ತರ ಜಗುಲಿಯಲ್ಲಿ ಯಾರೋ ಧೂಳು ಕೊಡವಿ ಇಟ್ಟುಕೊಂಡರು. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಧೂಳು ಕೊಡವಿದ ಆ ಹೆಸರಿಲ್ಲದ ಕೈಗಳಿಂದ ನಾವು ಇಂದು ಇಲ್ಲಿ ಕುಳಿತಿದ್ದೇವೆ.

ಈಗ ನಮ್ಮ ವಿಷಯ. ನಿವೃತ್ತನಾದ ಮೇಲೆ ನನ್ನ ಮನೆಗೆ ಭಕ್ತರು ಬರುತ್ತಾರೆ. “ಸಾಹೇಬರೆ, ಮಹಾದ್ವಾರಕ್ಕೆ ಒಂದು ಎಸ್ಟಿಮೇಟ್ ಮಾಡಿಕೊಡಿ.” “ಅಣ್ಣಾರೆ, ಗದ್ದುಗೆಗೆ ಅಮೃತಶಿಲೆ ಹಾಕಿಸಬೇಕು.” “ನಮ್ಮದು ಪಕ್ಕದ ಊರಿನ ಪ್ರತಿಮೆಗಿಂತ ಹತ್ತು ಅಡಿ ಎತ್ತರ ಇರಲಿ.” ಸಂತೋಷದಿಂದ ಮಾಡಿಕೊಡುತ್ತೇನೆ, ಹಣ ಮುಟ್ಟುವುದಿಲ್ಲ. ಆದರೆ ಕಟ್ಟಿದ ಮೇಲೆ ಗುಡಿಸುವವರು ಯಾರು, ಮಾಳಿಗೆ ಸೋರಿದರೆ ದುಡ್ಡು ಎಲ್ಲಿಂದ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದಾನಿಗಳ ಹೆಸರಿನ ಕಲ್ಲಿಗೆ ಮಾತ್ರ ಜಾಗ ಮೊದಲೇ ನಿಗದಿಯಾಗಿರುತ್ತದೆ. ಇಂದ್ರೇಶ್ವರ, ಯಶೋಧರೇಶ್ವರ ಎಂದು ನಕ್ಕೆವಲ್ಲ, ನಮ್ಮ ಮಂಟಪಗಳ ಗೋಡೆಯನ್ನೂ ಒಮ್ಮೆ ಓದಿ ನೋಡೋಣ. ಬಸವಣ್ಣನವರ ಪ್ರತಿಮೆ ಎತ್ತರವಾಗುತ್ತಾ ಹೋಗಿ, ಅದರ ನೆರಳಿನ ಪ್ರಸಾದ ನಿಲಯದಲ್ಲಿ ಮಕ್ಕಳು ಸೋರುವ ಮಾಳಿಗೆಯ ಕೆಳಗೆ ಹಾಸಿಗೆ ಸರಿಸಿಕೊಂಡು ಮಲಗಿದರೆ, ಅದು ಕೋಡಿ ಸಾಲದ ಕೆರೆ.

ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟಿಯೇ ಅನ್ನ ತಿಂದವನು ನಾನು. ಮಠಗಳು ಕಟ್ಟಿದ ಶಾಲೆ, ಪ್ರಸಾದ ನಿಲಯಗಳಿಂದಲೇ ನನ್ನಂಥ ಎಷ್ಟೋ ಹಳ್ಳಿಯ ಹುಡುಗರು ಇಂಜಿನಿಯರಾದರು. ನನ್ನ ಬೇಡಿಕೆ ಮೂರು. ಒಂದು, ಇಂದ್ರವರ್ಮನ ಕ್ರಮ: ಊರಿನ ಕೆರೆ ಹೂಳಿದ್ದರೆ, ಮಕ್ಕಳ ಮಾಳಿಗೆ ಸೋರುತ್ತಿದ್ದರೆ ಅದು ಮೊದಲು, ಮಹಾದ್ವಾರ ಆಮೇಲೆ. ಎರಡು, ಹೊಸದಾಗಿ ಕಟ್ಟುವ ಪ್ರತಿ ನೂರು ರೂಪಾಯಿಗೆ ಹತ್ತು ರೂಪಾಯಿಯನ್ನು ನಿರ್ವಹಣೆಗೆಂದು ಬ್ಯಾಂಕಿನಲ್ಲಿಟ್ಟು, ಆ ಪಾಸ್‌ಪುಸ್ತಕವನ್ನು ವರ್ಷಕ್ಕೊಮ್ಮೆ ಇದೇ ಗೋಷ್ಠಿಯಲ್ಲಿ ಓದಬೇಕು. ಅದು ಕೂಡದಿದ್ದರೆ ಅಡಿಗಲ್ಲು ಇಡಬಾರದು. ಮೂರು, ಗೋಡೆಯ ಮೇಲೆ ದಾನಿಗಳ ಹೆಸರು ಬೇಡ. ಬೇಕೇ ಬೇಕೆಂದರೆ ಗಾರೆಯವರ, ಕಲ್ಲುಕುಟಿಕರ, ಕಸ ಗುಡಿಸುವ ತಾಯಿಯ ಹೆಸರು ಬರೆಯಿರಿ.

ಈ ಮೂರಕ್ಕೆ ನೀವು ಒಪ್ಪಿದರೆ ಮುಂದಿನ ತಿಂಗಳು ನಮ್ಮ ಪ್ರಸಾದ ನಿಲಯದ ಮಾಳಿಗೆಯ ಎಸ್ಟಿಮೇಟ್ ತಂದು ಪೂಜ್ಯರ ಮುಂದಿಡುತ್ತೇನೆ. ಮೇಲ್ವಿಚಾರಣೆಯ ಕಾಯಕ ನನ್ನದು. ದಾಸೋಹ ನಿಮ್ಮದು.